ಗುರುಪಾದಪ್ಪ ಸರ್ ಬದಲಿಗೆ

ಖಾನಾಪುರದ ಆ ಹೈಸ್ಕೂಲಿಗೆ ರೂಪಾಲಿ ಬಂದದ್ದು ಆರು ವಾರದ ಮಟ್ಟಿಗೆ. ಉಳಿದದ್ದು ಹನ್ನೊಂದು ವರ್ಷ.

ಅದು ಎರಡು ಸಾವಿರದ ಹನ್ನೆರಡರ ಜುಲೈ. ಶಾಲೆಯ ಇಂಗ್ಲಿಷ್ ಮಾಸ್ತರ ಗುರುಪಾದಪ್ಪನವರು ಮಲಪ್ರಭಾ ಸೇತುವೆಯ ಇಳಿಜಾರಿನಲ್ಲಿ ಗಾಡಿ ಜಾರಿ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡಿದ್ದರು. ಆರು ವಾರ ಹಾಸಿಗೆ ಬಿಟ್ಟು ಏಳಬಾರದೆಂದು ಡಾಕ್ಟರು ಹೇಳಿದ್ದರು. ಮಲಗಿದಲ್ಲಿಂದಲೇ ಅವರು ಮುಖ್ಯಾಧ್ಯಾಪಕರಿಗೆ ಫೋನು ಹಚ್ಚಿ, "ನನ್ನ ಹಳೇ ವಿದ್ಯಾರ್ಥಿನಿ ಒಬ್ಬಾಕಿ ಅದಾಳ್ರಿ. ಬಿ.ಎಡ್ ಮುಗಿಸ್ಯಾಳ. ಹುಡುಗಿ ಛಲೋ ಐತಿ, ನನ್ನ ಬದಲಿ ಆಕಿನ್ನ ತಗೋರಿ" ಎಂದಿದ್ದರು.

ರೂಪಾಲಿಗೆ ಅದು ಬರೀ ಕೆಲಸವಾಗಿರಲಿಲ್ಲ. ಗುರುಪಾದಪ್ಪ ಸರ್ ಎಂದರೆ ಅವಳಿಗೆ ಇಂಗ್ಲಿಷ್ ಎಂಬ ಭಾಷೆಯೇ.

ಅವಳ ಊರು ಕಣಕುಂಬಿಯಿಂದ ಮೇಲೆ ಕಾಡಿನೊಳಗೆ ನಾಲ್ಕು ಮೈಲಿ. ಊರೆಂದರೆ ಏಳೆಂಟು ಧನಗರ ಮನೆಗಳು, ಮನೆಗೆ ಹತ್ತು ಹನ್ನೆರಡು ಎಮ್ಮೆ. ಮನೆಯೊಳಗೆ ಮರಾಠಿ, ಶಾಲೆಯಲ್ಲಿ ಕನ್ನಡ. ತಂದೆ ತೀರಿಕೊಂಡ ಮೇಲೆ ಎಮ್ಮೆಗಳನ್ನೂ ಮಗಳನ್ನೂ ಸಾಕಿದವಳು ತಾಯಿ ಮಾಯಕ್ಕ. ಎಂಟನೆಯ ಇಯತ್ತೆಗೆ ಖಾನಾಪುರದ ಹಾಸ್ಟೆಲಿಗೆ ಬಂದಾಗ ರೂಪಾಲಿಗೆ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳ ಆಚೆ ಏನೂ ಗೊತ್ತಿರಲಿಲ್ಲ. ಒಮ್ಮೆ ಅವಳು ನಾಲ್ಕು ದಿನ ಶಾಲೆ ತಪ್ಪಿಸಿ ಮರಳಿದಳು. ಯಾಕೆ ಬರಲಿಲ್ಲ ಎಂದು ಸರ್ ಕೇಳಿದರು. ಅವ್ವನಿಗೆ ಜ್ವರ ಬಂದಿತ್ತು, ಅವ್ವನ ಬದಲಿಗೆ ನಾನು ಎಮ್ಮೆ ಕಾಯಲು ಹೋಗಿದ್ದೆ ಎಂದಳು.

"ಇದನ್ನ ಇಂಗ್ಲಿಷಿನ್ಯಾಗ ಹೇಳು ನೋಡೂಣು. ತಪ್ಪಿದ್ರ ತಪ್ಪಲಿ" ಎಂದು ಸರ್ ಶಬ್ದಗಳನ್ನು ಒಂದೊಂದಾಗಿ ಎತ್ತಿಕೊಟ್ಟರು. ಅವಳು ಬೆವರುತ್ತ ಜೋಡಿಸಿದಳು. 'ಐ ಗ್ರೇಜ್ಡ್ ದಿ ಬಫಲೋಸ್ ಇನ್‌ಸ್ಟೆಡ್ ಆಫ್ ಮೈ ಮದರ್.'

ಸರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗೆಯಲ್ಲಿ ಕೊಂಕಿರಲಿಲ್ಲ. "ಹುಚ್ಚಿ, ಇದಕ್ಕ ಎರಡು ಅರ್ಥ ಆಗತಾವ. ಅವ್ವ ಮೇಸಬೇಕಾಗಿತ್ತು, ನೀ ಮೇಸಿದಿ ಅಂತ ಒಂದು. ಅವ್ವನ್ನ ಮೇಸೂದು ಬಿಟ್ಟು ಎಮ್ಮಿ ಮೇಸಿದಿ ಅಂತ ಇನ್ನೊಂದು!" ಇಡೀ ವರ್ಗ ನಕ್ಕಿತು. ರೂಪಾಲಿಯೂ ನಕ್ಕಳು. 'ಇನ್ ಮೈ ಮದರ್ಸ್ ಪ್ಲೇಸ್' ಎಂದರೆ ಗೊಂದಲವಿಲ್ಲ ಎಂದು ಸರ್ ಹಲಗೆಯ ಮೇಲೆ ಬರೆದರು. ಒಂದು ಭಾಷೆಯೊಳಗೆ ಹೀಗೊಂದು ಆಟ ಇರುತ್ತದೆಂದು ಅವಳಿಗೆ ಅಂದೇ ಹೊಳೆದದ್ದು. ಅಲ್ಲಿಂದ ಮುಂದೆ ಅವಳು ಇಂಗ್ಲಿಷಿಗೆ ಹೆದರಲಿಲ್ಲ.

ಅಂಥ ಗುರುವಿನ ಬದಲಿಗೆ ಪಾಠ ಮಾಡುವುದೆಂದರೆ! ಮೊದಲ ದಿನ ಸೀರೆಯ ನೆರಿಗೆಯನ್ನು ಮೂರು ಸಲ ತಿದ್ದಿಕೊಂಡು ವರ್ಗಕ್ಕೆ ಹೋದಳು.

ಆರು ವಾರ ಕಳೆಯಿತು. ಸರ್ ಕೋಲು ಊರಿಕೊಂಡು ಶಾಲೆಗೆ ಬಂದರು. ಆದರೆ ಬಹಳ ಹೊತ್ತು ನಿಲ್ಲಲಾಗುವುದಿಲ್ಲ ಎಂದು ಎಂಟನೆಯ ವರ್ಗವನ್ನು ರೂಪಾಲಿಗೇ ಬಿಟ್ಟರು. ಮರುವರ್ಷ ಒಂಬತ್ತನೆಯದನ್ನೂ ಬಿಟ್ಟರು. ಮೂರನೆಯ ವರ್ಷ ಕೋಲು ಹೋಗಿತ್ತು, ಬೆನ್ನು ನೆಟ್ಟಗಾಗಿತ್ತು, ಆದರೂ ಹತ್ತನೆಯ ವರ್ಗಕ್ಕೂ ಅವಳೇ ಹೋಗುತ್ತಿದ್ದಳು. ಸರ್ ಸ್ಟಾಫ್ ರೂಮಿನ ಕಿಟಕಿಯ ಬಾಜು ಕುಳಿತು ಪೇಪರ್ ಓದುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಸಹಿ ಅವರದು. ಅವಳ ಸಹಿಗೆ ಬೇರೆ ಒಂದು ನೋಟ್‌ಬುಕ್ಕು. ಪ್ರಶ್ನೆಪತ್ರಿಕೆ ಅವಳು ಬರೆಯುವಳು, ಕೆಳಗೆ ಹೆಸರು ಅವರದು. ಮಕ್ಕಳಿಗೂ ಅದು ರೂಢಿಯಾಗಿ ಹೋಗಿತ್ತು. ಹೊಸ ಮಕ್ಕಳು ಅವಳನ್ನು 'ಬದಲಿ ಟೀಚರ್' ಎಂದೇ ಕರೆಯುತ್ತಿದ್ದರು. ಹಳಬರಿಂದ ಕೇಳಿ ಕಲಿತದ್ದು ಅದು, ಅದರಲ್ಲಿ ಹೀಯಾಳಿಕೆ ಇರಲಿಲ್ಲ.

ರೂಪಾಲಿ ಆ ಹೆಸರಿಗೆ ಬೇಜಾರು ಮಾಡಿಕೊಳ್ಳುವ ಬದಲು ಅದನ್ನೇ ಒಂದು ಪಾಠ ಮಾಡಿಕೊಂಡಳು. ಕನ್ನಡದಲ್ಲಿ ಬದಲಿ ಎಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಹಾಗಲ್ಲ. ಬಂದವರು ಎಷ್ಟು ದಿನಕ್ಕೆ ಬಂದರು, ಹೋದವರು ತಿರುಗಿ ಬರುತ್ತಾರೋ ಇಲ್ಲವೋ ಎಂಬುದರ ಮೇಲೆ ಶಬ್ದವೇ ಬೇರೆಯಾಗುತ್ತದೆ. 'ಫಿಲ್ ಇನ್ ಫಾರ್', 'ಸ್ಟ್ಯಾಂಡ್ ಇನ್ ಫಾರ್' ಎಂದರೆ ಜಾಗದ ಒಡೆಯರು ನಾಳೆ ಬರುತ್ತಾರೆ, ಅಲ್ಲಿಯವರೆಗೆ ನಿಂತಿರು ಎಂದು. 'ಟೇಕ್ ಓವರ್ ಫ್ರಮ್' ಎಂದರೆ ಅವರು ಇನ್ನು ಬರುವುದಿಲ್ಲ, ಜಾಗ ನಿನ್ನದು. 'ಆನ್ ಬಿಹಾಫ್ ಆಫ್' ಎಂದರೆ ಬಾಯಿ ನಿನ್ನದು, ಮಾತು ಅವರದು. ಮಕ್ಕಳು ಎಲ್ಲಕ್ಕಿಂತ ಹೆಚ್ಚು ಎಡವುತ್ತಿದ್ದದ್ದು 'ಸಬ್‌ಸ್ಟಿಟ್ಯೂಟ್' ಮತ್ತು 'ರಿಪ್ಲೇಸ್' ಹತ್ತಿರ. ಅದಕ್ಕೆ ಅವಳು ಒಂದು ಖುರ್ಚಿ ತರಿಸಿ ಒಬ್ಬ ಹುಡುಗಿಯನ್ನು ಕೂರಿಸುವಳು. ಅವಳ ಹೆಸರು ಸಕ್ಕರೆ. ಬಾಗಿಲ ಹೊರಗೆ ಇನ್ನೊಬ್ಬಳು. ಅವಳ ಹೆಸರು ಬೆಲ್ಲ. 'ಸಬ್‌ಸ್ಟಿಟ್ಯೂಟ್ ಬೆಲ್ಲ ಫಾರ್ ಸಕ್ಕರೆ' ಎಂದರೆ ಬೆಲ್ಲ ಒಳಗೆ ಓಡಿಬಂದು ಖುರ್ಚಿ ಹಿಡಿಯಬೇಕು. 'ರಿಪ್ಲೇಸ್ ಬೆಲ್ಲ ವಿತ್ ಸಕ್ಕರೆ' ಎಂದರೆ ಬೆಲ್ಲ ಎದ್ದು ಹೊರಗೆ ಹೋಗಬೇಕು. "ಸಬ್‌ಸ್ಟಿಟ್ಯೂಟಿನ್ಯಾಗ ಮೊದಲ ಹೆಸರಿನಾಕಿ ಒಳಗ. ರಿಪ್ಲೇಸಿನ್ಯಾಗ ಮೊದಲ ಹೆಸರಿನಾಕಿ ಹೊರಗ. ತಪ್ಪಿದ್ರ ಮನಿ ಮಾಲಕರು ಬೀದಿಗೆ ಬೀಳತಾರ, ನೆನಪಿರ್ಲಿ!" ಮಕ್ಕಳು ಕಿಸಕ್ಕನೆ ನಗುವವು. ಕೊನೆಗೆ ಎಮ್ಮೆ ಮತ್ತು ಅವ್ವನ ವಾಕ್ಯ ಹೇಳಿ ಪಾಠ ಮುಗಿಸುವಳು. ಮಕ್ಕಳು ಅದಕ್ಕಾಗಿಯೇ ಕಾಯುತ್ತಿದ್ದವು.

ತಾಲೂಕಿನ ಶಿಕ್ಷಕರ ತರಬೇತಿಯಲ್ಲಿ ಗುರುಪಾದಪ್ಪ ಸರ್ ಈ ಖುರ್ಚಿಯ ಪಾಠವನ್ನು ಮಾಡಿ ತೋರಿಸಿ ಶಾಲು ಹೊದಿಸಿಕೊಂಡು ಬಂದರು. "ನಿಂದ ಪಾಠ, ನಾ ಹೆಸರು ತಗೊಂಡೆ ನೋಡು" ಎಂದು ಅವಳ ಮುಂದೆ ನಕ್ಕರು. ಅವಳಿಗೆ ಹೆಮ್ಮೆಯೇ ಆಯಿತು.

ಗಂಡ ಗಜಾನನನಿಗೆ ಮಾತ್ರ ಇದು ಹಿಡಿಸುತ್ತಿರಲಿಲ್ಲ. ಅವನು ಬೆಳಗಾವಿ ಬಳಿಯ ಮಚ್ಛೆಯ ಕಾರಖಾನೆಯೊಂದರಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುವವನು. ದಿನಾ ಖಾನಾಪುರದಿಂದ ಬಸ್ಸಿಗೆ ಹೋಗಿ ಬರುವವನು. "ನಮ್ಮಲ್ಲಿ ರಿಲೀವರ್ ಬಂದ್ರ ಮಷೀನ್ ಅವನ ಕೈಯಾಗ ಕೊಟ್ಟು ಮನಿಗೆ ಬರತೀವಿ. ನಿಮ್ಮ ಸರ್ ನಿನಗ ಮಷೀನ್ ಕೊಟ್ಟಾರ, ಪಗಾರ ತಾವ ತಗೊಂಡಾರ. ಏನರ ಬರಸಿ ಇಸ್ಕೊ ಅವರ ಕಡೆಯಿಂದ."

"ಸರ್ ಕಡೆಯಿಂದ ಬರಸಿ ಇಸ್ಕೋಬೇಕ? ನಾಚಿಗಿ ಬರೂದಿಲ್ಲೇನು ನಿಮಗ?" ಎಂದು ರೂಪಾಲಿ ಸಿಟ್ಟಾಗುವಳು.

ಅವಳ ನಂಬಿಕೆಗೆ ಕಾರಣವಿತ್ತು. ಒಮ್ಮೆ ಮಕ್ಕಳ ಪ್ರವಾಸದೊಡನೆ ಕಣಕುಂಬಿಗೆ ಹೋದಾಗ ಸರ್ ನಾಲ್ಕು ಮೈಲಿ ಕಾಡುದಾರಿ ನಡೆದು ಅವಳ ತಾಯಿಯ ಮನೆಗೆ ಬಂದಿದ್ದರು. ಮಾಯಕ್ಕ ಅನ್ನ, ಮಜ್ಜಿಗೆ, ಒಣಮೆಣಸಿನಕಾಯಿ ಬಡಿಸಿದಳು. ಅವರು ಚಾಪೆಯ ಮೇಲೆ ಕುಳಿತು ಎರಡು ಸಲ ಹಾಕಿಸಿಕೊಂಡು ಉಂಡರು. ಕೈ ತೊಳೆದು ಬಂದು, "ಮಾಯಕ್ಕಾ, ನಾ ರಿಟೈರ್ ಆದ ಮರುದಿನ ನನ್ನ ಖುರ್ಚಿ ನಿನ್ನ ಮಗಳದು. ಸಾಲಿ ಕಮಿಟಿಯವರಿಗೆ ಪತ್ರ ಬರದು ಇಟ್ಟೀನಿ. ಕೊಟ್ಟ ಮಾತಿಗೆ ತಪ್ಪೂ ಮಂದಿ ನಾವಲ್ಲ" ಎಂದರು. ಕನ್ನಡ ಅರ್ಧಂಬರ್ಧ ತಿಳಿಯುವ ಮಾಯಕ್ಕನಿಗೆ ಖುರ್ಚಿ ಎಂಬ ಮಾತು ಸಾಕಾಯಿತು. ಅವಳು ಅವರ ಕಾಲಿಗೆ ಬಿದ್ದಳು. ಮುಂದೆ ಶಾಲೆಯಲ್ಲಿ ಆ ಪತ್ರದ ಒಂದು ಪ್ರತಿಯನ್ನು ಸರ್ ರೂಪಾಲಿಗೆ ತೋರಿಸಿಯೂ ಇದ್ದರು. 'ಟು ಟೇಕ್ ಓವರ್ ಫ್ರಮ್ ಮಿ' ಎಂದು ಸ್ಪಷ್ಟವಾಗಿ ಬರೆದಿತ್ತು.

ಆ ಮಾತಿನ ಮೇಲೆ ಅವಳು ಬೆಳಗಾವಿಯ ಒಂದು ಶಾಲೆಯಿಂದ ಬಂದ ಕಾಯಂ ಕೆಲಸವನ್ನು ಬೇಡವೆಂದಳು. ಸರಕಾರಿ ನೇಮಕಾತಿಗೆ ಅರ್ಜಿ ಕರೆದಾಗ, "ಯಾದಗಿರಿಗೋ ಬೀದರಕ್ಕೋ ಒಗದ್ರ ಏನ್ ಮಾಡ್ತಿ? ಇಲ್ಲಿ ನಿನ್ನ ಜಾಗಾ ತಯಾರ ಐತಿ" ಎಂದು ಸರ್ ಅಂದದ್ದಕ್ಕೆ ಅರ್ಜಿಯನ್ನೂ ಹಾಕಲಿಲ್ಲ. ಹೀಗೇ ಅವಳಿಗೆ ಮೂವತ್ತೆಂಟು ತುಂಬಿತು.

ಸರ್ ನಿವೃತ್ತಿಗೆ ಐದು ತಿಂಗಳಿರುವಾಗ ಅವರ ಮಗನ ಮದುವೆಯಾಯಿತು. ಸೊಸೆ ಮೇಘಾ ಹುಬ್ಬಳ್ಳಿಯ ಕಡೆಯವಳು, ಎಂ.ಎ., ಬಿ.ಎಡ್ ಆದವಳು. ಜನವರಿಯ ಒಂದು ದಿನ ಸರ್ ರೂಪಾಲಿಯನ್ನು ಕರೆದು, "ನಮ್ಮ ಸೊಸಿ ಬೆಳಗಾವ್ಯಾಗ ಒಂದು ಸಾಲಿಗೆ ಇಂಟರ್ವ್ಯೂ ಕೊಡಾಕಿ ಅದಾಳ. ಓದ್ಯಾಳ ಖರೇ, ಮಕ್ಕಳ ಮುಂದ ನಿಂತ ರೂಢಿ ಇಲ್ಲ. ಸಂಜಿಕ ಬಂದು ಒಂದಿಷ್ಟು ಹೇಳಿಕೊಡವಾ. ಮನಿ ಮಗಳಿದ್ದಂಗ ಅದಿ ನೀನು" ಎಂದರು.

ರೂಪಾಲಿ ನಾಲ್ಕು ತಿಂಗಳು ಹೋದಳು. ಶಾಲೆ ಬಿಟ್ಟ ಮೇಲೆ ನೇರ ಅವರ ಮನೆಗೆ. ಮೇಘಾ ಬುದ್ಧಿವಂತೆ, ಆದರೆ ಅಂಜುಬುರುಕಿ. ಹಲಗೆಯತ್ತ ತಿರುಗಿದರೆ ಮಕ್ಕಳತ್ತ ಮತ್ತೆ ತಿರುಗಲು ಹೆದರುವಳು. ರೂಪಾಲಿ ತಾನು ಕಷ್ಟಪಟ್ಟು ಕಂಡುಕೊಂಡದ್ದನ್ನೆಲ್ಲ ಅವಳ ಕೈಗೆ ಹಾಕಿದಳು. ಧ್ವನಿ ಎಲ್ಲಿ ಎತ್ತಬೇಕು, ತಪ್ಪು ಉತ್ತರ ಕೊಟ್ಟ ಮಗುವನ್ನು ಹೇಗೆ ಕೂರಿಸಬೇಕು, ಒಂದು ನಗೆ ಎಲ್ಲಿ ಇಟ್ಟರೆ ಪಾಠ ನೆನಪಿರುತ್ತದೆ. ಡೆಮೊ ಪಾಠಕ್ಕೆಂದು ತನ್ನ ಖುರ್ಚಿಯ ಪಾಠವನ್ನೇ ಕೊಟ್ಟಳು. ಇಬ್ಬರೂ ಅಡುಗೆಮನೆಯ ಸ್ಟೂಲು ಇಟ್ಟುಕೊಂಡು ಬೆಲ್ಲ, ಸಕ್ಕರೆ ಆಡಿ ನಗುತ್ತಿದ್ದರು. ಮೇಘಾ ಅವಳನ್ನು ಅಕ್ಕಾ ಎಂದು ಕರೆಯತೊಡಗಿದಳು.

ಏಪ್ರಿಲ್ ಕೊನೆಯ ಒಂದು ಸಂಜೆ ಮೇಘಾ ಪುಸ್ತಕ ಮುಚ್ಚಿ, "ಅಕ್ಕಾ, ನಿಮಗ ಒಂದು ಮಾತು..." ಎಂದು ಶುರುಮಾಡಿದಳು. ಒಳಗಿನಿಂದ ಸರ್ ಕೆಮ್ಮಿದರು. ಮೇಘಾ, "ಏನಿಲ್ಲರಿ, ಚಹಾ ಮಾಡ್ಲೇನು?" ಎಂದಳು. ರೂಪಾಲಿ ಚಹಾ ಕುಡಿದು ಮನೆಗೆ ಹೋದಳು.

ಮೇ ಕೊನೆಗೆ ಸರ್ ನಿವೃತ್ತರಾದರು. ಜೂನಿನಲ್ಲಿ ಶಾಲೆ ಶುರುವಾಯಿತು. ರೂಪಾಲಿ ಅರ್ಜಿ ಕೊಟ್ಟಿದ್ದಳು. ಒಂದು ಶುಕ್ರವಾರ ಮುಖ್ಯಾಧ್ಯಾಪಕರು, "ನಾಳೆ ಕಮಿಟಿಯವರು ಬರತಾರ. ಒಂಬತ್ತನೇದ ಮಕ್ಕಳನ್ನ ತಯಾರ ಇಡ್ರಿ, ಡೆಮೊ ಐತಿ" ಎಂದರು. ಅವಳಿಗೆ ರೋಮಾಂಚನವಾಯಿತು. ಶನಿವಾರ ಬೆಳಿಗ್ಗೆ ಬೇಗ ಹೋಗಿ ವರ್ಗ ಗುಡಿಸಿಸಿ, ಹಲಗೆ ಒರೆಸಿ, ತಾನೇ ಖುರ್ಚಿ ಹೊತ್ತು ತಂದು ಮುಂದೆ ಇಟ್ಟಳು.

ಹತ್ತು ಗಂಟೆಗೆ ಕಮಿಟಿಯ ಕಾರು ಬಂತು. ಅದರ ಹಿಂದೆ ಇನ್ನೊಂದು. ಹಿಂದಿನ ಕಾರಿನಿಂದ ಗುರುಪಾದಪ್ಪ ಸರ್ ಇಳಿದರು. ಆಚೆ ಬಾಗಿಲಿನಿಂದ ಮೇಘಾ ಇಳಿದಳು, ಕೈಯಲ್ಲಿ ಫೈಲು.

ಆಗಲೂ ರೂಪಾಲಿಗೆ ತಿಳಿಯಲಿಲ್ಲ. ತನ್ನ ಪಾಠ ನೋಡಲು ಮೇಘಾ ಬಂದಿದ್ದಾಳೆ ಎಂದುಕೊಂಡಳು. ನಕ್ಕು ಕೈ ಎತ್ತಿದಳು. ಮೇಘಾ ನೆಲ ನೋಡಿದಳು.

ಮುಖ್ಯಾಧ್ಯಾಪಕರು ಹತ್ತಿರ ಬಂದು ದನಿ ತಗ್ಗಿಸಿದರು. "ಟೀಚರ್, ನೀವು ಸ್ವಲ್ಪ ಹೊರಗ ನಿಲ್ರಿ. ಮಕ್ಕಳು ಗದ್ಲ ಮಾಡದಂಗ ಕಿಟಕಿಂದ ನೋಡಕೋರಿ. ಮೊದಲ ಮೇಘಾ ಅವರದು ಆಗಲಿ."

"ನಂದು ಯಾವಾಗ್ರಿ?"

"ನಿಮ್ಮ ಪಾಠ ಎಲ್ಲಾರಿಗೂ ಗೊತ್ತ ಐತೆಲ್ಲರಿ. ಗೊತ್ತಿದ್ದದ್ದನ್ನ ಮತ್ತ ನೋಡೂದು ಯಾತಕ್ಕ?"

ರೂಪಾಲಿ ಕಿಟಕಿಯ ಹೊರಗೆ ನಿಂತಳು. ಒಳಗೆ ಮೇಘಾ ಒಬ್ಬ ಹುಡುಗಿಯನ್ನು ಖುರ್ಚಿಯಲ್ಲಿ ಕೂರಿಸಿದಳು. ಹೆಸರು ಸಕ್ಕರೆ. ಬಾಗಿಲ ಹೊರಗೆ ಇನ್ನೊಬ್ಬಳು. ಹೆಸರು ಬೆಲ್ಲ. ಧ್ವನಿ ಎತ್ತಬೇಕಾದಲ್ಲಿ ಎತ್ತಿದಳು. ತಪ್ಪು ಹೇಳಿದ ಮಗುವಿಗೆ ಬೇಜಾರಾಗದಂತೆ ಕೂರಿಸಿದಳು. ಹಲಗೆಯತ್ತ ತಿರುಗಿ ಹೆದರದೆ ಮತ್ತೆ ಮಕ್ಕಳತ್ತ ತಿರುಗಿದಳು. ಪಾಠ ಚೆನ್ನಾಗಿಯೇ ನಡೆಯಿತು. ಕೊನೆಗೆ ಅವಳು ಆ ವಾಕ್ಯವನ್ನೂ ಹೇಳಿದಳು. 'ಐ ಗ್ರೇಜ್ಡ್ ದಿ ಬಫಲೋಸ್ ಇನ್‌ಸ್ಟೆಡ್ ಆಫ್ ಮೈ ಮದರ್.' ಹುಬ್ಬಳ್ಳಿಯ ಬಡಾವಣೆಯಲ್ಲಿ ಬೆಳೆದ, ಎಮ್ಮೆಯ ಹಗ್ಗ ಹಿಡಿದು ಗೊತ್ತಿರದ ಹುಡುಗಿ.

ಮಕ್ಕಳು ನಗಲಿಲ್ಲ. ಎಲ್ಲವೂ ಒಮ್ಮೆಲೇ ಕಿಟಕಿಯತ್ತ ನೋಡಿದವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ, ಅದು ನಮ್ಮ ರೂಪಾಲಿ ಟೀಚರ್ ಅವ್ವನ ಕಥಿರಿ."

"ಕುಂದರವಾ" ಎಂದರು ಕಮಿಟಿಯ ಹಿರಿಯರೊಬ್ಬರು, ಬಹಳ ಮೆತ್ತಗೆ. ಗುರುಪಾದಪ್ಪ ಸರ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಬುಧವಾರ ನೇಮಕಾತಿ ಆದೇಶ ಬಂತು. ಶ್ರೀಮತಿ ಮೇಘಾ ಅವರನ್ನು 'ವೈಸ್' ಶ್ರೀ ಗುರುಪಾದಪ್ಪ ನೇಮಿಸಿದೆ ಎಂದಿತ್ತು. ಸರಕಾರಿ ಕಾಗದಗಳಲ್ಲಿ ಇವರ ಜಾಗಕ್ಕೆ ಅವರು ಎಂದು ಹೇಳಲು ಬಳಸುವ ಚಿಕ್ಕ ಶಬ್ದ ಅದು. ರೂಪಾಲಿಯ ಹೆಸರು ಆ ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಹೋದವಳೆಂದು ಕೂಡ ಅವಳನ್ನು ಯಾರೂ ಬರೆದಿರಲಿಲ್ಲ.

ಕಚೇರಿಯ ಗುಮಾಸ್ತ ನಾಗಲಿಂಗ ಒಳ್ಳೆಯ ಮನುಷ್ಯ. ಎಲ್ಲರೂ ಊಟಕ್ಕೆ ಹೋದಾಗ ಅವಳನ್ನು ಕರೆದು ಫೈಲು ತೆರೆದಿಟ್ಟ. "ನಂಗ ಇಂಗ್ಲಿಷ್ ಅಷ್ಟಕ್ಕಷ್ಟ. ನೀವ ಓದ್ಕೋರಿ. ನಾ ತೋರಸೀನಂತ ಹೇಳಬ್ಯಾಡ್ರಿ."

ಫೈಲಿನಲ್ಲಿ ಗುರುಪಾದಪ್ಪ ಸರ್ ಬರೆದ ಪತ್ರವಿತ್ತು. ತನಗೆ ತೋರಿಸಿದ ಹಳೆಯ ಪತ್ರವಲ್ಲ. ತಾರೀಖು ಫೆಬ್ರುವರಿಯದು. ತಾನು ದಿನಾ ಸಂಜೆ ಅವರ ಮನೆಗೆ ಹೋಗಿ ಮೇಘಾಗೆ ಕಲಿಸುತ್ತಿದ್ದ ದಿನಗಳು. ತಮ್ಮ ಅನಾರೋಗ್ಯದ ಕಾಲದಲ್ಲಿ ಕುಮಾರಿ ರೂಪಾಲಿಯನ್ನು 'ಸ್ಟಾಪ್-ಗ್ಯಾಪ್ ಅರೇಂಜ್‌ಮೆಂಟ್' ಎಂದು ಇಟ್ಟುಕೊಳ್ಳಲಾಗಿತ್ತು, ಈಗ ಆ ಅಗತ್ಯ ಉಳಿದಿಲ್ಲ ಎಂದು ಎರಡು ಸಾಲು. ಅವಳ ಮದುವೆಗೆ ಬಂದು ಅಕ್ಷತೆ ಹಾಕಿದ್ದ ಮನುಷ್ಯ ಅವಳನ್ನು ಕುಮಾರಿ ಎಂದೇ ಬರೆದಿದ್ದರು. ಉಳಿದ ಪುಟವೆಲ್ಲ ಮೇಘಾಳ ಗುಣಗಾನ.

"ಸ್ಟಾಪ್-ಗ್ಯಾಪ್ ಅಂದ್ರ ಏನ್ರಿ ಟೀಚರ್?" ನಾಗಲಿಂಗ ಕೇಳಿದ.

"ಗ್ವಾಡಿ ಸಂದಿಗೆ ಗಾಳಿ ಬರಬಾರದಂತ ಅರಿವಿ ಚಿಂದಿ ತುರುಕತೀವಲ್ಲ ನಾಗಲಿಂಗಣ್ಣಾ, ಅದು."

ಅಂದು ಸಂಜೆ ಅವಳು ಸರ್ ಮನೆಗೆ ಹೋದಳು. ಅವರು ಪಡಸಾಲೆಯಲ್ಲಿ ಕುಳಿತಿದ್ದರು. ಎಂದಿನಂತೆ, "ಬಾರವಾ, ಕುಂದರ" ಎಂದರು. ಅವಳು ಕೂರಲಿಲ್ಲ.

"ಸರ, ಕಲಸೂ ಮುಂದ ಒಂದು ಮಾತು ಹೇಳಿದ್ರ ಸಾಕಾಗಿತ್ತಲ್ರಿ. ನನ್ನ ಜಾಗಾಕ್ಕ ಬರಾಕಿನ್ನ ನನ್ನ ಕಡೆಯಿಂದನ ತಯಾರ ಮಾಡಿಸಿದ್ರಿ."

"ನಿನ್ನ ಜಾಗಾ ಹೆಂಗಾತವಾ ಅದು? ನನ್ನ ಜಾಗಾ." ಸರ್ ಶಾಂತವಾಗಿಯೇ ಅಂದರು. "ಮನಿ ಸೊಸಿ ಆಕಿ. ಮಗ ಕೇಳಿದ, ಇಲ್ಲನ್ನಾಕ ಆಗಲಿಲ್ಲ. ನಿನ್ನ ಬಿಟ್ಟೀನೇನು? ಕಮಿಟಿಗೆ ಹೇಳಿ ಅತಿಥಿ ಶಿಕ್ಷಕಿ ಅಂತ ಇಟ್ಕೋತೀನಿ. ಆಕಿ ಹೊಸಬಾಕಿ, ಆಕಿಗೆ ಆಸರಾಗತಿ."

"ಆಕಿ ಬದಲಿ ಪಾಠ ಮಾಡಾಕೇನ್ರಿ?"

ಸರ್ ಮುಖ ಕೆಂಪಾಯಿತು. ಇಪ್ಪತ್ತೈದು ವರ್ಷದಲ್ಲಿ ಅವಳು ಕೇಳಿರದ ದನಿ ಹೊರಟಿತು. "ಬಾಳ ಮಾತಾಡಬ್ಯಾಡ ರೂಪಾಲಿ. ಎಮ್ಮಿ ಕಾಯೂ ಹುಡುಗಿನ್ನ ಟೀಚರ್ ಮಾಡಿದಾವ್ರು ಯಾರು? ಅದನ್ನ ಮರತಿ?"

ಅಡುಗೆಮನೆಯ ಬಾಗಿಲಲ್ಲಿ ಮೇಘಾ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಆ ಮಾತು ಕೇಳಿ ಅವಳೂ ಮುಖ ಮುಚ್ಚಿಕೊಳ್ಳುವಂತೆ ತಿರುಗಿದಳು. ಎಂಟನೆಯ ವರ್ಗದಲ್ಲಿ ತನ್ನ ವಾಕ್ಯಕ್ಕೆ ಹೊಟ್ಟೆ ಹಿಡಿದು ನಕ್ಕ ಮನುಷ್ಯ ಇವರೇ ಏನು ಎಂದು ರೂಪಾಲಿ ನೋಡಿದಳು. ಆ ಹಳೆಯ ನಗೆಯೂ ಈಗ ಕೆಟ್ಟುಹೋಯಿತು. ಅಂದು ಅದರಲ್ಲಿ ಕೊಂಕು ಇರಲಿಲ್ಲವೆಂದು ಇನ್ನು ಮೇಲೆ ಖಾತ್ರಿಯಿಂದ ಹೇಳಲು ಬರುವಂತಿರಲಿಲ್ಲ. ನೌಕರಿ ಹೋದದ್ದಕ್ಕಿಂತ ಅದು ಅವಳಿಗೆ ಹೆಚ್ಚು ಚುಚ್ಚಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟಳು.

ಗಜಾನನ 'ನಾ ಹೇಳಿದ್ದಿಲ್ಲೇನು' ಎನ್ನಲಿಲ್ಲ. ಒಂದು ವಾರ ತಾನೇ ಅನ್ನಕ್ಕಿಟ್ಟ. ಆಮೇಲೆ ಒಂದು ದಿನ, "ನಮ್ಮ ಕಾರಖಾನ್ಯಾಗ ರಿಲೀವರ್ ಬಂದ್ರ ಖುಷಿ ಆಗತೈತಿ. ನಿಮ್ಮ ಸಾಲ್ಯಾಗ ಎದಿ ಒಡೀತೈತಿ. ಸಾಕ ಬಿಡು ಈ ಊರು" ಎಂದ. ಇಬ್ಬರೂ ಮಚ್ಛೆಯಲ್ಲಿ ಎರಡು ಕೋಣೆಯ ಮನೆ ಹಿಡಿದರು. ಬೆಳಗಾವಿಯ ನೆಹರು ನಗರದ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ನರ್ಸಿಂಗ್ ಓದುವ ಹುಡುಗಿಯರಿಗೆ ಇಂಗ್ಲಿಷ್ ಹೇಳಿಕೊಡುವ ಚಿಕ್ಕ ಕ್ಲಾಸೊಂದಿತ್ತು. ರೂಪಾಲಿ ಅಲ್ಲಿ ಸೇರಿದಳು. ಹೊರದೇಶದ ಆಸ್ಪತ್ರೆಗಳಿಗೆ ಹೋಗಲು ಪರೀಕ್ಷೆ ಬರೆಯುವ ಹುಡುಗಿಯರು. ಪಾಳಿ ಮುಗಿಸಿ ಬಂದು ಬೆಂಚಿನ ಮೇಲೆಯೇ ತೂಕಡಿಸುವವರು. ಅವರಿಗೂ ಬದಲಿಯ ಪಾಠ ಬೇಕಾಗುತ್ತಿತ್ತು. ಒಬ್ಬ ನರ್ಸ್ ಇನ್ನೊಬ್ಬಳ ಪಾಳಿ ಹಿಡಿದರೆ ಹೇಗೆ ಹೇಳಬೇಕು, ಒಂದು ಔಷಧದ ಬದಲು ಇನ್ನೊಂದು ಕೊಟ್ಟರೆ ಹೇಗೆ ಬರೆಯಬೇಕು. ರೂಪಾಲಿ ಹೇಳಿಕೊಡುತ್ತಿದ್ದಳು, ಆದರೆ ಖುರ್ಚಿ ತರಿಸುತ್ತಿರಲಿಲ್ಲ. ಎಮ್ಮೆಯ ವಾಕ್ಯ ಹೇಳುತ್ತಿರಲಿಲ್ಲ. ಹುಡುಗಿಯರು ಅವಳನ್ನು ಸ್ವಲ್ಪ ಬಿಗಿ ಎಂದೇ ತಿಳಿದಿದ್ದರು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಆ ಮಹಡಿಯ ಮೆಟ್ಟಿಲು ಹತ್ತಿಕೊಂಡು ಗುರುಪಾದಪ್ಪ ಸರ್ ಬಂದರು. ಕೈಯಲ್ಲಿ ಮತ್ತೆ ಕೋಲು. ಏದುಸಿರು. ರೂಪಾಲಿ ಎದ್ದು ಬೆಂಚು ಸರಿಸಿದಳು. ನೀರು ಕೊಟ್ಟಳು. ಮನೆಗೆ ಬಂದವರಿಗೆ ಕೊಡುವಷ್ಟೇ ಕೊಟ್ಟಳು.

"ಮೇಘಾ ಬಸಿರಿ. ಡಾಕ್ಟರ್ ಮಲಕೊಂಡ ಇರಬೇಕ ಅಂದಾರ. ಆರು ತಿಂಗಳು" ಎಂದರು ಸರ್. "ಸಾಲ್ಯಾಗ ಹತ್ತನೇದ ಮಕ್ಕಳ ಗತಿ ಏನು? ಯಾರ ಹೆಸರು ಹೇಳಿದ್ರೂ ಕಮಿಟಿಯವರು ನಿನ್ನ ಹೆಸರ ಎತ್ತತಾರ. ಆಕಿನೂ ನಿನ್ನ ಕರಿಯಾಕ ಹೇಳ್ಯಾಳ. ಆದದ್ದು ಆತು. ಆರ ತಿಂಗಳಷ್ಟ ಬಾರವಾ."

ಎರಡು ವರ್ಷ ರೂಪಾಲಿ ಈ ಮನುಷ್ಯನಿಗೆ ಹೇಳಬೇಕಾದ ಮಾತುಗಳನ್ನು ಮಚ್ಛೆಯ ಬಸ್ಸಿನಲ್ಲಿ ಕುಳಿತು ಜೋಡಿಸಿದ್ದಳು. ಈಗ ಒಂದೂ ಬಾಯಿಗೆ ಬರಲಿಲ್ಲ. ಒಂದೇ ಪ್ರಶ್ನೆ ಬಂತು. "ಸರ, ಆ ಸ್ಟಾಪ್-ಗ್ಯಾಪ್ ಅನ್ನೂ ಶಬ್ದ ನೀವ ಬರದ್ರೇನು? ಯಾರರ ಬರಸಿದ್ರೇನು?"

ಸರ್‌ಗೆ ಆ ಪತ್ರ ಅವಳು ನೋಡಿದ್ದಾಳೆಂದು ಗೊತ್ತಿರಲಿಲ್ಲ. "ನಾನ ಬರದೆ" ಎಂದರು. "ಇಂಗ್ಲಿಷಿನ್ಯಾಗ ಹಂಗ ಬರಿಯೂದು ಪದ್ಧತಿ ಐತಿ."

"ನಾ ಬರಾಂಗಿಲ್ಲರಿ."

"ಹಂಗಾರ ಮಕ್ಕಳ ಮುಂದ ಯಾರನ್ನ ನಿಂದ್ರಸೂದು?"

"ನೀವ ಹೋಗ್ರಿ ಸರ. ಹನ್ನೊಂದು ವರ್ಷದ ಪಾಠ ನಿಮ್ಮದ ಬಾಕಿ ಐತಿ."

ಅವರು ಗೋಡೆ ಹಿಡಿದು ಮೆಟ್ಟಿಲು ಇಳಿದರು. ಕೆಳಗೆ ಇಳಿಯುವವರೆಗೆ ಕೋಲಿನ ಸದ್ದು ಕೇಳುತ್ತಿತ್ತು. ಇಂಥ ಮಾತು ಆಡಿದರೆ ಎದೆ ಹಗುರಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಆಗಲಿಲ್ಲ. ಮತ್ತೆ ಪಾಠಕ್ಕೆ ನಿಂತಳು. ಹಲಗೆಯ ಮೇಲೆ ಬರೆದ ವಾಕ್ಯದಲ್ಲಿ ಒಂದು ಅಕ್ಷರ ಬಿಟ್ಟುಹೋಗಿರುವುದನ್ನು ಒಬ್ಬ ಹುಡುಗಿ ತೋರಿಸಿಕೊಟ್ಟಳು.

ಆ ದೀಪಾವಳಿಗೆ ರೂಪಾಲಿ ತವರಿಗೆ ಹೋದಳು. ನಡೆದದ್ದನ್ನು ಅವಳು ತಾಯಿಗೆ ಹೇಳಿರಲಿಲ್ಲ. ಸರ್ ತಾವೇ ಮುಂದೆ ನಿಂತು ಬೆಳಗಾವಿಯಲ್ಲಿ ದೊಡ್ಡ ಕೆಲಸ ಕೊಡಿಸಿದರು ಎಂದು ಸುಳ್ಳು ಹೇಳಿದ್ದಳು. ಮಾಯಕ್ಕ ಪ್ರತಿ ಹಬ್ಬಕ್ಕೂ ಎರಡು ಡಬ್ಬಿ ತುಪ್ಪ ಕಾಯಿಸಿ ಇಡುತ್ತಿದ್ದಳು, ಒಂದು ಅಳಿಯನಿಗೆ, ಒಂದು ಸರ್‌ಗೆ. ಸರ್‌ಗೆಂದು ಕೊಟ್ಟ ಡಬ್ಬಿಯನ್ನು ರೂಪಾಲಿ ಮಚ್ಛೆಯ ಮನೆಯ ಮಾಲಕಿಗೆ ಕೊಡುತ್ತಿದ್ದಳು.

ಈ ಸಲ ತಾಯಿ ಡಬ್ಬಿಗಳನ್ನು ಮುಂದೆ ಇಟ್ಟು, "ಸರ್ ಬೆನ್ನು ಈಗ ಹ್ಯಾಂಗೈತಿ?" ಎಂದು ಮರಾಠಿಯಲ್ಲಿ ಕೇಳಿದಾಗ ಅವಳು ಎಲ್ಲವನ್ನೂ ಹೇಳಿಬಿಟ್ಟಳು. ಕಿಟಕಿ, ಖುರ್ಚಿ, ಪತ್ರ, ಎಮ್ಮೆ ಕಾಯುವ ಹುಡುಗಿ ಎಂಬ ಮಾತು, ಮೆಟ್ಟಿಲು ಹತ್ತಿ ಬಂದದ್ದು. ಮಾಯಕ್ಕ ಪೂರ್ತಿ ಕೇಳಿದಳು.

"ಎಮ್ಮಿ ಕಾಯೂದು ಸಣ್ಣ ಕೆಲಸ ಅಂದನೇನು? ನಾ ಕಾದದ್ದಕ್ಕ ಅವನ ಎಲಿಗೆ ಮಜ್ಜಿಗಿ ಬಿತ್ತು" ಎಂದಳು ಕೊನೆಗೆ. ಆಮೇಲೆ ಮಗಳತ್ತ ತಿರುಗಿದಳು. "ಅಂವ ನಿನಗ ಹೇಳಲಿಲ್ಲ. ನೀ ನನಗ ಹೇಳಲಿಲ್ಲ. ಎರಡು ವರ್ಷ ಆ ಮನಷ್ಯಾನ ಹೆಸರಿಗೆ ದೀಪಾ ಹಚ್ಚಿದ್ನಿ ನಾನು."

"ನಿನಗ ದುಃಖ ಆಗಬಾರದಂತ ಆಯಿ..."

"ಅವನೂ ಹಂಗ ಅಂದಕೊಂಡಿರ್ತಾನ."

ಮಾಯಕ್ಕ ಎದ್ದು ಕೊಟ್ಟಿಗೆಗೆ ಹೋದಳು. ಹಾಲು ಕರೆಯುವ ಹೊತ್ತಾಗಿತ್ತು. ಊಟದ ಹೊತ್ತಿಗೂ ಅವಳು ಮಗಳೊಡನೆ ಮಾತಾಡಲಿಲ್ಲ, ಆದರೆ ಎರಡನೆಯ ಸಲ ಅನ್ನ ಹಾಕುವಾಗ ಬೇಡವೆಂದರೂ ಕೇಳದೆ ಹಾಕಿದಳು.

ಮರುದಿನ ಕಣಕುಂಬಿಯ ಬಸ್ಸಿನವರೆಗೆ ಮಾಯಕ್ಕ ನಡೆದು ಬಂದಳು. ಚೀಲದಲ್ಲಿ ಒಂದೇ ಡಬ್ಬಿ ಇತ್ತು. "ಇದು ಅಳಿಯಗ" ಎಂದಳು. "ಇನ್ನ ಮ್ಯಾಲೆ ಏನಾದ್ರೂ ಆದ ದಿನಾನ ಫೋನ್ ಮಾಡಿ ಹೇಳಬೇಕು. ತಿಳೀತೇನು?"

"ಹೂಂ" ಎಂದಳು ರೂಪಾಲಿ. ಬಸ್ಸು ತುಂಬಿತ್ತು. ಖಾನಾಪುರದವರೆಗೆ ಅವಳು ನಿಂತೇ ಹೋದಳು.